ಗಂಟೆಯ ಒಳಮೈ

ಗೋಸ್ಪೋರ್ಟ್
ಸೆಪ್ಟೆಂಬರ್ ೧೪, ಭಾನುವಾರ ಮಧ್ಯಾಹ್ನ

ಮಗಳೇ ಟ್ಯಾಮ್ಸಿನ್,

ಹೇಗಿದ್ದೀಯಮ್ಮ? ಎಡ ಮೊಣಕಾಲು ಹೇಗಿದೆ? ದಿನವಿಡೀ ಹಡಗಿನ ಡೆಕ್ಕಿನ ಮೇಲೆ ನಿಂತು ವಿಮಾನಗಳಿಗೆ ಕೈಸನ್ನೆ ಮಾಡುವವರ ಮೊಣಕಾಲು ನಲವತ್ತಾರಕ್ಕೆ ದೂರು ಹೇಳದಿದ್ದರೇ ಆಶ್ಚರ್ಯ. ನನ್ನದು ನಲವತ್ತಕ್ಕೇ ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಜಪಾನಿನ ಕಡೆ ಸೆಕೆ ಜಾಸ್ತಿ ಅಂತ ರೇಡಿಯೋದಲ್ಲಿ ಹೇಳಿದರು. ನೀರು ಕುಡಿ. ಕಿವಿಗೆ ಮುಚ್ಚಳ ಹಾಕಿಕೊಳ್ಳದೆ ಡೆಕ್ಕಿಗೆ ಹೋಗಬೇಡ. ನಿನ್ನಪ್ಪನಿಗೆ ಈಗ ಅರ್ಧ ಊರಿನ ಮಾತು ಕೇಳಿಸುವುದಿಲ್ಲ; ಅದು ಬಹುಪಾಲು ಲಾಭವೇ, ಆದರೂ ನಿನಗೆ ಬೇಡ.

ನಾನು ಚೆನ್ನಾಗಿದ್ದೇನೆ. ಅಡುಗೆಯ ಚಿಂತೆ ಇಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಮುನ್ನೂರು ಜನಕ್ಕೆ ಬೇಯಿಸಿದ ಕೈ ನಿನ್ನಮ್ಮನದು. ಇಬ್ಬರಿಗಷ್ಟೇ ಬೇಯಿಸುವುದು ಅವಳಿಗೆ ಕೊನೆಗೂ ಬರಲಿಲ್ಲ. ಫ್ರೀಜರಿನ ತುಂಬ ಅವಳು ಮಾಂಸ ತುಂಬಿ ಮಾಡಿಟ್ಟ ಪೈಗಳೇ ಇದ್ದವು. ಹೋದ ಮೇಲೂ ಮೂರು ತಿಂಗಳು ಗಂಡನಿಗೆ ಊಟ ಹಾಕಿದ ಹೆಂಗಸು ಈ ಬೀದಿಯಲ್ಲಿ ಇನ್ನೊಬ್ಬಳಿಲ್ಲ. ಈಗ ಒಂದೇ ಒಂದು ಉಳಿದಿದೆ. ಅದು ಕಿಡ್ನಿ ಪೈ, ನನಗೆ ಮೊದಲಿನಿಂದಲೂ ಸೇರದು. ಸೇರದು ಅಂತಲೇ ತಿಂದಿಲ್ಲ ಎಂದು ಫ್ರೀಜರು ತೆಗೆದಾಗಲೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ನೀನು ಮಣ್ಣಿಗೆ ಬರಲಿಲ್ಲ. ಅದರ ಬಗ್ಗೆ ಬರೆಯುವುದಿಲ್ಲ ಎಂದುಕೊಂಡೇ ಮೇಜಿನ ಮುಂದೆ ಕೂತವನು, ಎರಡನೇ ಪುಟಕ್ಕೇ ಬರೆದುಬಿಟ್ಟೆ. ನಿಮ್ಮ ಹಡಗಿನ ಪಾದ್ರಿ ಫೋನು ಮಾಡಿದ್ದರು. ಸಿಂಗಪುರದಿಂದ ವಿಮಾನದಲ್ಲಿ ಜಾಗ ಹಿಡಿದಿದ್ದೆವು, ನಿಮ್ಮ ಮಗಳೇ ಬೇಡವೆಂದಳು, ಕ್ಷಮಿಸಿ ಎಂದರು. ಒಳ್ಳೆಯ ಮನುಷ್ಯ. ತನ್ನದಲ್ಲದ ತಪ್ಪಿಗೆ ಕ್ಷಮೆ ಕೇಳುವುದೇ ಅವರ ಉದ್ಯೋಗವಲ್ಲವೇ. ನಾನು ಪರವಾಗಿಲ್ಲ ಎಂದೆ. ಪರವಾಗಿಲ್ಲದೆ ಏನು. ನಿನ್ನಮ್ಮ ಪೆಟ್ಟಿಗೆಯೊಳಗೆ, ನೀನು ಪೆಸಿಫಿಕ್ಕಿನೊಳಗೆ, ನಾನೊಬ್ಬ ಮಳೆಯೊಳಗೆ. ನೋಡು, ಪ್ರಾಸ ಎಲ್ಲಿ ಬೇಕಾದರೂ ಬಂದು ಕೂರುತ್ತದೆ, ಕರೆಯಬೇಕಾಗಿಲ್ಲ. ನಿನ್ನಮ್ಮ ಹೇಳುತ್ತಿದ್ದಳು, ‘ಏನಯ್ಯಾ ಕಾಬೆಟ್, ನಿನ್ನ ಬಾಯಿಗೂ ಒಂದು ಬ್ರೇಕು ಹಾಕಿಸೋಣ ಕಣೋ’ ಅಂತ.

ಈ ಪತ್ರಕ್ಕೆ ಬೇರೆ ಕಾರಣವಿದೆ. ಬಂದರಿನ ಚರ್ಚು ಮುಚ್ಚುತ್ತಿದೆ. ಭಾನುವಾರ ಬರುವವರು ಎಂಟು ಜನ, ಅದರಲ್ಲಿ ಇಬ್ಬರು ಬೆಚ್ಚಗಿರುತ್ತದೆಂದು ಬರುವವರು. ಕಟ್ಟಡ ಮಾರಿಯಾಗಿದೆ. ಅಲ್ಲಿರುವ ನನ್ನ ಹಳೆಯ ಹಡಗಿನ, ನಮ್ಮ ಮುದುಕಿಯ ಗಂಟೆ ನವೆಂಬರಿನ ಕೊನೆಗೆ ನೌಕಾಪಡೆಯ ಮ್ಯೂಸಿಯಮ್ಮಿಗೆ ಹೋಗುತ್ತದೆ, ಗಾಜಿನ ಪೆಟ್ಟಿಗೆಯೊಳಗೆ. ಆಮೇಲೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅದಕ್ಕೆ ಮುಂಚೆ ಒಂದು ವಿಷಯ ತೀರ್ಮಾನವಾಗಬೇಕು. ಅದನ್ನು ನಾನೊಬ್ಬನೇ ತೀರ್ಮಾನಿಸಲಾರೆ, ಮನೆಯಲ್ಲಿ ಉಳಿದಿರುವ ಇನ್ನೊಂದು ತಲೆ ನಿನ್ನದೇ.

ಮ್ಯೂಸಿಯಮ್ಮಿನಿಂದ ಫೆನ್ವಿಕ್ ಎಂಬಾತ ಬಂದಿದ್ದ. ಲೋಹದ ಕೆಲಸದವನು, ಗಡ್ಡ ಎದೆಯವರೆಗೆ, ಮಾತು ಪಿಸುಗುಟ್ಟಿದಷ್ಟು ಮೆಲ್ಲಗೆ. ನನ್ನ ಕಿವಿಗೆ ಹೇಳಿ ಮಾಡಿಸಿದವನು. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ತೂಗುಹಾಕಲು ಅರ್ಧ ಪುಟ ಬರೆದುಕೊಡಿ, ನಿಮ್ಮದು ನಾಲ್ಕು ತಲೆಮಾರು ವಿಮಾನವಾಹಕ ಹಡಗಿನಲ್ಲೇ ದುಡಿದ ಮನೆತನವಂತೆ ಎಂದ. ಅರ್ಧ ಪುಟ ಕೇಳಿದವನಿಗೆ ಆರು ಪುಟ ಕೊಟ್ಟೆ. ಅವನು ಐದೂವರೆ ಕತ್ತರಿಸುತ್ತಾನೆ, ಆದ್ದರಿಂದ ನಿನಗಾದರೂ ಸ್ವಲ್ಪ ಹೇಳುತ್ತೇನೆ. ನಿನಗೆ ಗೊತ್ತಿರುವುದೇ. ಆದರೂ ಮನೆ ಖಾಲಿಯಾದಾಗ ಗೊತ್ತಿರುವುದನ್ನೇ ಇನ್ನೊಮ್ಮೆ ಹೇಳಬೇಕೆನಿಸುತ್ತದೆ.

ನಮ್ಮದು ಹಿಡಿಯುವವರ ಮನೆತನ ಎಂದು ಶುರುಮಾಡಿದೆ. ನಿನ್ನ ಮುತ್ತಾತ ಎಡ್ವಿನ್, ಮೊದಲ ಯುದ್ಧದ ಕಾಲದಲ್ಲಿ, ಸ್ಕಾಟ್ಲೆಂಡಿನ ತುದಿಯ ತಣ್ಣನೆ ಕೊಲ್ಲಿಯಲ್ಲಿ ಕೈಯಿಂದಲೇ ವಿಮಾನ ಹಿಡಿದವನು. ಆಗಿನ ಹಡಗಿಗೆ ಮೂತಿಯ ಕಡೆ ಮಾತ್ರ ಹಲಗೆ ಹಾಸಿದ್ದರು, ನಡುವೆ ಹೊಗೆಗೊಳವೆ ಕಂಬದ ಹಾಗೆ ನಿಂತಿತ್ತು. ವಿಮಾನ ಪಕ್ಕದಿಂದ ಜಾರಿಕೊಂಡು ಬರಬೇಕು, ಇವರು ಓಡಿಹೋಗಿ ರೆಕ್ಕೆಗೆ ಕಟ್ಟಿದ ಪಟ್ಟಿಗಳಿಗೆ ಜೋತುಬೀಳಬೇಕು, ಸಂತೆಯಲ್ಲಿ ಹಗ್ಗ ಕಿತ್ತ ಹೋರಿಯನ್ನು ಹಿಡಿದ ಹಾಗೆ. ಮೊದಲ ಸಲ ಹಿಡಿದರು. ಓಡುತ್ತಿರುವ ಹಡಗಿನ ಮೇಲೆ ವಿಮಾನ ಇಳಿದದ್ದು ಲೋಕದಲ್ಲೇ ಅದು ಮೊದಲು. ಅದೇ ವಾರ ಮತ್ತೆ ಬಂದಾಗ ಇಂಜಿನ್ ಕೆಮ್ಮಿತು, ವಿಮಾನ ಅಂಚು ದಾಟಿ ನೀರಿಗೆ ಬಿತ್ತು, ಹಾರಿಸುತ್ತಿದ್ದ ಎಳೆಯ ಅಧಿಕಾರಿ ಉಳಿಯಲಿಲ್ಲ. ಮುತ್ತಾತ ಸಾಯುವವರೆಗೆ ಹೇಳುತ್ತಿದ್ದದ್ದು ಮೊದಲ ಸಲದ ಕಥೆಯಲ್ಲ, ಆಮೇಲಿನದು. ‘ಕೈ ಚಾಚಿದ್ದೆ ಕಣೋ ಮಗಾ, ಇಷ್ಟೇ ಇಷ್ಟು’ ಎಂದು ಹೆಬ್ಬೆರಳು ತೋರುಬೆರಳ ನಡುವೆ ಅಳತೆ ತೋರಿಸುತ್ತಿದ್ದ. ಮರು ವರ್ಷ ಹೊಗೆಗೊಳವೆಯೂ ಇಲ್ಲದ, ಮೇಲೆಲ್ಲ ಮಟ್ಟಸವಾದ ಹಡಗು ಬಂತು. ಇಟಲಿಯ ಪ್ರಯಾಣಿಕರಿಗೆಂದು ಕಟ್ಟುತ್ತಿದ್ದುದನ್ನು ಕೊಂಡು, ನೆತ್ತಿ ಬೋಳಿಸಿ ಮಾಡಿದ್ದು. ನಾವಿಕರು ಅದಕ್ಕೆ ಇಸ್ತ್ರಿಪೆಟ್ಟಿಗೆ ಎಂದೇ ಹೆಸರಿಟ್ಟಿದ್ದರು. ಮುತ್ತಾತ ಅದರ ಮೇಲೂ ದುಡಿದ.

ನನ್ನಪ್ಪ ವಿಲ್ಫ್ರೆಡ್ ಎರಡನೇ ಯುದ್ಧದವನು. ಅಷ್ಟರಲ್ಲಿ ಡೆಕ್ಕಿಗೆ ಅಡ್ಡಡ್ಡ ಉಕ್ಕಿನ ಹಗ್ಗ ಬಂದಿತ್ತು, ವಿಮಾನದ ಬಾಲಕ್ಕೆ ಕೊಕ್ಕೆ ಬಂದಿತ್ತು. ಮನುಷ್ಯರು ಜೋತುಬೀಳುವುದು ತಪ್ಪಿತ್ತು. ಅಮೆರಿಕನ್ನರ ಡೆಕ್ಕು ಮರದ್ದು, ನಮ್ಮದು ದಪ್ಪ ಉಕ್ಕಿನದು. ಪೆಸಿಫಿಕ್ಕಿನಲ್ಲಿ, ಈಗ ನೀನಿರುವ ಕಡೆಯೇ ಎಲ್ಲೋ, ಸಾಯಲೆಂದೇ ಬಂದ ವಿಮಾನವೊಂದು ನೇರ ಡೆಕ್ಕಿಗೆ ಬಡಿಯಿತು. ತಗ್ಗು ಬಿತ್ತು. ತಗ್ಗಿಗೆ ಸಿಮೆಂಟು ಸುರಿದು, ಆವತ್ತೇ ಮತ್ತೆ ವಿಮಾನ ಇಳಿಸಿದರು. ‘ಎಲ್ಲರೂ ಬಂದೂಕು ಹಿಡಿದು ಯುದ್ಧ ಮಾಡಿದರು, ನಾನು ಕರಣೆ ಹಿಡಿದು ಮಾಡಿದೆ’ ಎನ್ನುತ್ತಿದ್ದ ನನ್ನಪ್ಪ. ಮನೆಯ ಗೋಡೆ ಬಿರುಕಿಗೆ ಮಾತ್ರ ಯಾವತ್ತೂ ಕರಣೆ ಮುಟ್ಟಲಿಲ್ಲ.

ನನ್ನ ಕಾಲಕ್ಕೆ ಡೆಕ್ಕು ಓರೆಯಾಗಿತ್ತು, ಇಳಿಯುವವನು ತಪ್ಪಿದರೆ ಮುಂದೆ ನಿಂತಿರುವ ವಿಮಾನಗಳಿಗೆ ಗುದ್ದದೆ ಮತ್ತೆ ಹಾರಿಕೊಳ್ಳಲೆಂದು. ವಿಮಾನವನ್ನು ಡೆಕ್ಕಿನಿಂದ ಎಸೆಯುವುದಕ್ಕೆ ಉಗಿಯ ಯಂತ್ರ ಬಂತು. ಪೈಲಟ್ಟಿಗೆ ದಾರಿ ತೋರಿಸಲು ಕನ್ನಡಿಯ ದೀಪ ಬಂತು. ಮೂರೂ ನಮ್ಮವರ ತಲೆಯಲ್ಲಿ ಹುಟ್ಟಿ ಅಮೆರಿಕನ್ನರ ಮನೆಯಲ್ಲಿ ಬಾಳಿದವು, ಹೆಣ್ಣುಮಕ್ಕಳ ಹಾಗೆ. ಕನ್ನಡಿಯ ಉಪಾಯವನ್ನು ಮೊದಲು ತೋರಿಸಿಕೊಟ್ಟದ್ದು ಕಚೇರಿಯ ಹೆಂಗಸೊಬ್ಬಳ ಕೈಗನ್ನಡಿ ಮತ್ತು ತುಟಿಬಣ್ಣದಿಂದಂತೆ. ಆ ಕಥೆ ನಿನ್ನಮ್ಮನಿಗೆ ಬಲು ಇಷ್ಟ. ‘ನೋಡಿದ್ಯಾ, ನಿಮ್ಮ ಇಡೀ ನೌಕಾಪಡೆ ಒಬ್ಬಳ ಕೈಚೀಲದಿಂದ ಬಂದದ್ದು’ ಎನ್ನುತ್ತಿದ್ದಳು. ನನ್ನ ಕೆಲಸ ಹಿಡಿಯುವುದಲ್ಲ, ಬಿಡಿಸುವುದು. ಕೊಕ್ಕೆ ಹಗ್ಗಕ್ಕೆ ಸಿಕ್ಕಿ ವಿಮಾನ ನಿಂತ ಕೂಡಲೇ ಬಾಲದ ಹತ್ತಿರ ಓಡಬೇಕು, ಕೊಕ್ಕೆ ಬಿಡಿಸಬೇಕು, ಸರಿದು ನಿಲ್ಲಬೇಕು. ಹಿಂದೆಯೇ ಇನ್ನೊಂದು ಬರುತ್ತಿರುತ್ತದೆ. ಹಾರಿದ್ದು ಇಳಿಯಬೇಕು, ಇಳಿದದ್ದು ಹಿಡಿಯಬೇಕು, ಹಿಡಿದದ್ದು ಬಿಡಬೇಕು. ಹಡಗಿನ ಪತ್ರಿಕೆಗೆ ನಾನು ಬರೆದ ಪದ್ಯಗಳಲ್ಲಿ ಜನ ನೆನಪಿಟ್ಟುಕೊಂಡ ಸಾಲು ಅದೊಂದೇ.

ಆಮೇಲೆ ದೊಡ್ಡ ಹಡಗುಗಳು ದುಬಾರಿ ಎಂದು ಸರ್ಕಾರಕ್ಕೆ ಅನ್ನಿಸಿತು. ನಮ್ಮ ಮುದುಕಿಗೆ ಹಗ್ಗ ಕಿತ್ತು ಹೆಲಿಕಾಪ್ಟರು ಹತ್ತಿಸಿದರು. ಅವಳ ಹಿಂದೆ ಬಂದ ಚಿಕ್ಕ ಹಡಗುಗಳಿಗೆ ಮೂತಿಯಲ್ಲಿ ಜಾರುಬಂಡೆಯಂಥ ಏರು. ಅವೂ ಒಂದೊಂದಾಗಿ ಟರ್ಕಿಯ ಗುಜರಿಗೆ ಹೋದವು. ಕೆಲವು ವರ್ಷ ವಿಮಾನವಾಹಕವೇ ಇಲ್ಲದ ನೌಕಾಪಡೆ ನಮ್ಮದು. ಕೆಲಸ ಮರೆಯದಿರಲೆಂದು ನಿನ್ನನ್ನು ಅಮೆರಿಕನ್ನರ ಹಡಗಿಗೆ ಎರವಲು ಕಳಿಸಿದ್ದು ಆಗಲೇ. ಈಗಿನ ನಿನ್ನ ಹಡಗಿನಲ್ಲಿ ವಿಮಾನ ಬಾವಿಗೆ ಬಿಟ್ಟ ಕೊಡದ ಹಾಗೆ ನೇರ ಕೆಳಗಿಳಿಯುತ್ತದೆ. ಹಿಡಿಯುವುದೂ ಇಲ್ಲ, ಬಿಡಿಸುವುದೂ ಇಲ್ಲ. ಇದನ್ನು ಬರೆದು ಮುಗಿಸಿದಾಗ, ನಮ್ಮ ಮನೆತನದ ಕಸುಬು ನಿನ್ನೊಂದಿಗೆ ಮುಗಿಯಿತಲ್ಲ ಅನ್ನಿಸಿ ಪೆನ್ನು ಕೆಳಗಿಟ್ಟೆ.

ಗಂಟೆಯ ವಿಷಯ. ಹಡಗಿನವರ ಮಕ್ಕಳಿಗೆ ಹಡಗಿನ ಗಂಟೆಯನ್ನೇ ತಲೆಕೆಳಗು ಮಾಡಿ, ನೀರು ತುಂಬಿ ದೀಕ್ಷಾಸ್ನಾನ ಕೊಟ್ಟು, ಒಳಮೈಯಲ್ಲಿ ಹೆಸರು ಕೆತ್ತಿಸುವುದು ನಿನಗೆ ಹೊಸದಲ್ಲ. ನಿನ್ನಣ್ಣನಿಗೆ ಮುತ್ತಾತನ ಹೆಸರೇ ಇಟ್ಟೆವು, ಎಡ್ವಿನ್. ನೀರು ತಲೆಗೆ ಬಿದ್ದಾಗ ಅವನು ನಕ್ಕ. ಪಾದ್ರಿಗಳ ಅಂಗಿ ತೋಯಿಸಿದ್ದೂ ಆ ನಗುವಿನ ಜೊತೆಗೇ. ಮೂರು ವರ್ಷ ಬಿಟ್ಟು ನಿನ್ನದಾಯಿತು. ನೀನು ಗಂಟೆಗಿಂತ ಜೋರಾಗಿ ಕೂಗಿದೆ. ಅವನ ಹೆಸರಿನ ಪಕ್ಕದಲ್ಲೇ ನಿನ್ನದು.

ಆ ಮೂರು ವರ್ಷದ ನಡುವಿನದನ್ನು ನಿನಗೆ ನಾವು ಸರಿಯಾಗಿ ಹೇಳಲೇ ಇಲ್ಲ. ಎಡ್ವಿನ್ ಏಳು ತಿಂಗಳವನಿದ್ದಾಗ ಮುದುಕಿ ಅಟ್ಲಾಂಟಿಕ್ಕಿಗೆ ಹೊರಟಳು. ಬಂದರಿನ ಬಾಯಲ್ಲಿರುವ ಗುಂಡು ಗೋಪುರದ ಮೇಲೆ ನಿನ್ನಮ್ಮ ಅವನನ್ನು ಎತ್ತಿಕೊಂಡು ನಿಂತಿದ್ದಳು, ಅವನ ಪುಟ್ಟ ಕೈ ಹಿಡಿದು ನನ್ನತ್ತ ಬೀಸಿಸುತ್ತಿದ್ದಳು. ಹಡಗು ಕಣ್ಮರೆಯಾಗುವವರೆಗೆ ನೋಡಬಾರದು, ಮುಂಚೆಯೇ ಬೆನ್ನು ತಿರುಗಿಸಿ ಮನೆಗೆ ಹೋಗಬೇಕು ಅನ್ನುವುದು ಇಲ್ಲಿನ ಹೆಂಗಸರ ಕಟ್ಟುಪಾಡು. ಕಣ್ಣಿಂದ ಹೋದದ್ದು ಮನೆಯಿಂದಲೂ ಹೋಗುತ್ತದೆ ಎಂದು. ಮಗು ಖುಷಿಯಾಗಿದೆಯೆಂದು ಅವಳು ಕೊನೆಯ ಚುಕ್ಕೆಯವರೆಗೂ ನಿಂತಳು. ಆ ವಾರವೇ ಒಂದು ಬೆಳಿಗ್ಗೆ ಅವನು ತೊಟ್ಟಿಲಲ್ಲಿ ಏಳಲಿಲ್ಲ. ತಂತಿ ನನ್ನ ಕೈಗೆ ಬರುವ ಹೊತ್ತಿಗೆ ಮಣ್ಣಾಗಿತ್ತು. ನನಗೆ ವಿಮಾನದಲ್ಲಿ ಜಾಗ ಹಿಡಿಯುವವರು ಯಾರೂ ಇರಲಿಲ್ಲ. ಡಾಕ್ಟರು ಹೇಳಿದರು, ಪಾದ್ರಿ ಹೇಳಿದರು, ನಾನು ಸಾವಿರ ಸಲ ಹೇಳಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ. ‘ಇಲ್ಲ ಅಂತ ನನಗೂ ಗೊತ್ತು’ ಎನ್ನುತ್ತಿದ್ದಳು. ಗೊತ್ತಿದ್ದೂ, ಅವತ್ತಿನಿಂದ ಯಾವ ಹಡಗಿಗೂ ಕೈಬೀಸಲಿಲ್ಲ. ನನಗೂ ಇಲ್ಲ, ನಿನಗೂ ಇಲ್ಲ.

ಮುದುಕಿ ಗುಜರಿಗೆ ಹೋದ ವರ್ಷ ಗಂಟೆಯನ್ನು ಈ ಚರ್ಚಿಗೆ ಕೊಟ್ಟರು. ಬೆಳಗುವವರು ಯಾರು ಎಂಬ ಮಾತು ಬಂದಾಗ ನಿನ್ನಮ್ಮ ಎದ್ದು ನಿಂತು, ‘ಹಡಗಿನಲ್ಲಿ ಗಂಟೆ ಬೆಳಗೋದು ಅಡುಗೆಯವರ ಕೆಲಸ. ನಾನು ಅಡುಗೆಯವಳು’ ಎಂದಳು. ಅದು ನೌಕಾಪಡೆಯ ಹಳೆಯ ರೂಢಿ, ಯಾರೂ ಎದುರಾಡುವಂತಿರಲಿಲ್ಲ. ಶನಿವಾರ ಬಂತೆಂದರೆ ಪಾಲಿಶ್ ಡಬ್ಬಿ, ಹಳದಿ ಬಟ್ಟೆ ಹಿಡಿದು ಹೊರಟಳು. ಮಳೆಯಿರಲಿ ಚಳಿಯಿರಲಿ, ನೀನು ಜ್ವರದಲ್ಲಿ ಮಲಗಿರಲಿ. ಮಗುವಿನ ಗೋರಿಯ ಹತ್ತಿರ ಹೋಗಬಾರದೇ ಎಂದು ಒಮ್ಮೆ ಕೇಳಿದ್ದಕ್ಕೆ ಹೇಳಿದಳು: ‘ಗೋರಿಯಲ್ಲಿ ಅವನು ಸತ್ತಿದಾನೆ ಐವರ್. ಗಂಟೆಯಲ್ಲಿ ಅವನಿಗೆ ಈಗಷ್ಟೇ ಹೆಸರಿಟ್ಟಿದಾರೆ.’

ನಿನಗೆ ಹನ್ನೊಂದೋ ಹನ್ನೆರಡೋ ಇದ್ದಾಗ ನೀನು ಗಂಟೆಯೊಳಗೆ ತಲೆ ತೂರಿಸಿ ನೋಡಿದ್ದೆ. ಹೊರಗೆ ಬಂದು, ‘ಅಣ್ಣನ ಹೆಸರು ಚಿನ್ನದ ಹಾಗಿದೆ, ನನ್ನದು ಕರಿ ಹಿಡಿದಿದೆ’ ಎಂದಷ್ಟೇ ಹೇಳಿದ್ದೆ. ಆಮೇಲೆ ಆ ಚರ್ಚಿನೊಳಗೆ ಕಾಲಿಡಲಿಲ್ಲ. ಈ ಏಪ್ರಿಲಿನಲ್ಲಿ ನಿನ್ನ ಹಡಗು ಹೊರಟದ್ದೂ ಶನಿವಾರವೇ. ಗುಂಡು ಗೋಪುರದ ಮೇಲೆ ನಾನೊಬ್ಬನೇ ನಿಂತು ಟೋಪಿ ಬೀಸಿದೆ. ಸಂಜೆ ನೀನು ಫೋನಿನಲ್ಲಿ ಅಂದದ್ದು ನನಗೆ ಬಾಯಿಪಾಠ. ‘ಸತ್ತವನ ಹೆಸರು ತಿಕ್ಕೋಕೆ ನಲವತ್ತು ವರ್ಷ ಇತ್ತು ಅವಳಿಗೆ. ಬದುಕಿರೋಳಿಗೆ ಕೈಬೀಸೋಕೆ ಒಂದು ಶನಿವಾರ ಇಲ್ಲ. ಇನ್ನು ನಾನು ಆ ಮನೆಗೆ ಬರೋದಿಲ್ಲ ಅಪ್ಪ.’ ಕಿವುಡನ ಫೋನು, ಜೋರುದನಿಯಲ್ಲಿತ್ತು. ನಿನ್ನಮ್ಮ ಎದುರಿಗೇ ಆಲೂಗಡ್ಡೆ ಹೆರೆಯುತ್ತಿದ್ದಳು. ‘ಸರಿಯಾಗೇ ಹೇಳ್ತಾಳೆ’ ಎಂದು, ಹೆರೆಯುವುದನ್ನು ನಿಲ್ಲಿಸಲಿಲ್ಲ. ಅವತ್ತು ನಾಲ್ಕು ಜನಕ್ಕಾಗುವಷ್ಟು ಆಲೂಗಡ್ಡೆ ಬೇಯಿಸಿದಳು. ಜೂನಿನಲ್ಲಿ ಅವಳ ಎದೆಯೇ ನಿಂತಿತು.

ಅವಳನ್ನು ಮಣ್ಣು ಮಾಡಿದ ಮೇಲಿನ ಮೊದಲ ಶನಿವಾರ ಅವಳ ಡಬ್ಬಿ, ಅವಳ ಬಟ್ಟೆ ಹಿಡಿದು ನಾನು ಹೋದೆ. ಬೀಗದ ಕೈ ಇಟ್ಟುಕೊಂಡಿರುವ ಮಿಸೆಸ್ ಹೋಡ್ ಬಾಗಿಲು ತೆಗೆದರು. ಟಾರ್ಚು ಹಾಕಿ ಗಂಟೆಯೊಳಗೆ ತಲೆಯಿಟ್ಟೆ. ಎಡ್ವಿನ್ ಇರಬೇಕಾದ ಜಾಗದಲ್ಲಿ ನನ್ನ ಮುಖವಿತ್ತು. ಹೆಸರಿಲ್ಲ. ನಲವತ್ತು ವರ್ಷ ಉಜ್ಜಿ ಉಜ್ಜಿ ಅಕ್ಷರವೆಲ್ಲ ಸವೆದು, ಅಲ್ಲೊಂದು ಅಂಗೈಯಗಲದ ಕನ್ನಡಿಯಾಗಿಬಿಟ್ಟಿತ್ತು. ಬೆರಳಾಡಿಸಿದರೆ ಬೆಣ್ಣೆ. ಫೆನ್ವಿಕ್ ಕೂಡ ನೋಡಿ, ‘ಉಳಿದ ಮಕ್ಕಳದ್ದೆಲ್ಲ ಸರಿಯಿದೆ ಸಾರ್. ಈ ಒಂದನ್ನು ಯಾರೋ ಬೇಕೂಂತಲೇ ಅಳಿಸಿದ ಹಾಗಿದೆ. ಏನಾದರೂ ದ್ವೇಷವಿತ್ತೇ?’ ಎಂದು ಮೆಲ್ಲಗೆ ಕೇಳಿದ. ದ್ವೇಷಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲಪ್ಪ ಎಂದೆ. ಅವನು ತಲೆ ತಗ್ಗಿಸಿ ಟಾರ್ಚು ಆರಿಸಿದ.

ಈಗ ತೀರ್ಮಾನವಾಗಬೇಕಾದದ್ದು ಇಷ್ಟು. ಹಳೆಯ ದಾಖಲೆ ನೋಡಿ ಅದೇ ಅಚ್ಚಿನ ಅಕ್ಷರದಲ್ಲಿ ಹೆಸರನ್ನು ಮತ್ತೆ ಕೆತ್ತಿಕೊಡುತ್ತೇನೆ ಎನ್ನುತ್ತಾನೆ ಫೆನ್ವಿಕ್. ಕೆತ್ತಿಸಿದರೆ ಅವನಿದ್ದದ್ದಕ್ಕೆ ಗುರುತು ಉಳಿಯುತ್ತದೆ. ನಾವಿಬ್ಬರೂ ಹೋದ ಮೇಲೆ ಅವನನ್ನು ಬಲ್ಲವರು ಯಾರೂ ಇರುವುದಿಲ್ಲ. ಕೆತ್ತಿಸಿದರೆ ಅವಳ ನಲವತ್ತು ವರ್ಷ ಹೋಗುತ್ತದೆ; ಅವಳಿದ್ದದ್ದಕ್ಕೆ ಗುರುತು ಆ ಕನ್ನಡಿಯೊಂದೇ. ಒಂದು ಬೆಳಿಗ್ಗೆ ಬೇಕೆನಿಸುತ್ತದೆ, ಮರು ಬೆಳಿಗ್ಗೆ ಬೇಡವೆನಿಸುತ್ತದೆ. ಅವನು ನಿನ್ನ ಅಣ್ಣ, ಅವಳು ನಿನ್ನ ಅಮ್ಮ, ಇಬ್ಬರ ಮೇಲೂ ನಿನಗೆ ಸಿಟ್ಟಿದೆ, ಆದ್ದರಿಂದ ಹೇಳುವ ಹಕ್ಕೂ ನಿನಗಿದೆ. ನವೆಂಬರಿನಲ್ಲಿ ನಿನ್ನ ಹಡಗು ಬರುತ್ತದಂತೆ. ಮನೆಗೆ ಬಾ ಎಂದು ಕರೆಯಲಾರೆ, ಬರುವುದಿಲ್ಲ ಎಂದಿದ್ದೀಯ. ಚರ್ಚಿನವರೆಗೆ ಬಾ. ಗಾಜು ಮುಚ್ಚುವ ಮುಂಚೆ ಒಮ್ಮೆ ತಲೆಯಿಟ್ಟು ನೋಡು, ಆಮೇಲೆ ಹೇಳು. ಅಲ್ಲಿಯವರೆಗೆ ಉಳಿ ಮುಟ್ಟಬೇಡ ಎಂದು ಫೆನ್ವಿಕ್‌ಗೆ ಹೇಳಿದ್ದೇನೆ.

ನಿನ್ನ ಜೊತೆಯವರಿಗೆಲ್ಲ ಈ ಮುದುಕನ ನಮಸ್ಕಾರ ಹೇಳು. ಪಾದ್ರಿಗಳಿಗೆ ವಿಶೇಷವಾಗಿ. ನಿನ್ನ ಡೆಕ್ಕಿನಿಂದ ಎಷ್ಟು ಹಾರುತ್ತವೋ ಅಷ್ಟೂ ಇಳಿಯಲಿ, ಒಂದೂ ಕಡಿಮೆಯಾಗದಿರಲಿ. ಅದಕ್ಕಿಂತ ದೊಡ್ಡ ಹರಕೆ ನಮ್ಮ ಮನೆಯಲ್ಲಿಲ್ಲ.

ಇಂತಿ ನಿನ್ನ ಅಪ್ಪ,
ಐವರ್ ಕಾಬೆಟ್

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿಯಾಗಿತ್ತು, ಹರಿದು ಬರೆಯುತ್ತಿದ್ದೇನೆ, ಅಂಚೆಯವನು ಬೀದಿ ತುದಿಗೆ ಬಂದಿದ್ದಾನೆ. ಈಗಷ್ಟೇ ಮಿಸೆಸ್ ಹೋಡ್ ಬಂದಿದ್ದರು, ನಿನ್ನಮ್ಮ ಚರ್ಚಿನಲ್ಲಿ ಬಿಟ್ಟಿದ್ದ ಕನ್ನಡಕ ಕೊಡಲು. ನಿನ್ನ ಹೆಸರು ಮಾತ್ರ ಯಾಕೆ ಕರಿ ಹಿಡಿಯಲು ಬಿಟ್ಟಳೋ ಎಂದು ಮಾತಿಗೆ ಮಾತು ಬಂದು ಅಂದೆ. ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದರು. ನಿನ್ನಮ್ಮ ಬಲಗೈಯಲ್ಲಿ ಅಣ್ಣನ ಹೆಸರನ್ನು ಉಜ್ಜುವಾಗಲೆಲ್ಲ ಎಡಗೈ ಹೆಬ್ಬೆರಳನ್ನು ಪಕ್ಕದ ಹೆಸರಿನ ಮೇಲೆ ಒತ್ತಿ ಹಿಡಿದಿರುತ್ತಿದ್ದಳಂತೆ, ಒಂದು ಶನಿವಾರವೂ ತಪ್ಪದೆ. ‘ಯಾಕೆ ಏವಿಸ್, ಬೆರಳು ನೋವಾ?’ ಎಂದು ಆಕೆ ಕೇಳಿದ್ದಕ್ಕೆ ನಿನ್ನಮ್ಮ ಹೇಳಿದ್ದು: ‘ಇಲ್ಲ ಕಣೇ. ಈ ಪಾಲಿಶ್ ಅಕ್ಷರ ತಿನ್ನುತ್ತೆ. ಅವನದು ಹೋಗ್ತಾ ಇದೆ, ಗೊತ್ತು, ನನ್ನ ಕೈ ನಿಲ್ಲೋದಿಲ್ಲ. ಅವಳದಕ್ಕೆ ತಾಗಬಾರದು. ಅವಳಿನ್ನೂ ನೀರಿನ ಮೇಲಿದಾಳೆ.’ ಅವರೊಂದಿಗೇ ಓಡಿಹೋಗಿ ನೋಡಿಬಂದೆ. ನಿನ್ನದು ಕಪ್ಪಾಗಿದೆ, ಮೂಲೆಗಳು ಹಸಿರುಗಟ್ಟಿವೆ. ಅಕ್ಷರದ ಅಂಚು ಮಾತ್ರ ಮೊನ್ನೆ ಕೆತ್ತಿದ ಹಾಗೆ ಬೆರಳಿಗೆ ಚುಚ್ಚುತ್ತದೆ. ಅವಳ ಹಳದಿ ಬಟ್ಟೆ ಜೇಬಿನಲ್ಲೇ ಇತ್ತು. ಉಜ್ಜಲಿಲ್ಲ.